ಹಿಡಿಕೆಗೆ ಕಟ್ಟಿದ ಬುತ್ತಿ

ಮೂವತ್ತು ವರ್ಷ ಸರ್ಕಾರದ ಅನ್ನ ಉಂಡವನು ನಾನು. ಆ ಅನ್ನದಿಂದ ಯಾರಿಗಾದರೂ ತೊಂದರೆಯಾದದ್ದು ನನಗೆ ನೆನಪಿಲ್ಲ, ಆದವರಿಗೆ ನೆನಪಿರಬಹುದು. ಆದರೆ ಒಮ್ಮೆ ಮೂರು ರೊಟ್ಟಿ ತಿಂದು ಒಬ್ಬ ಮನುಷ್ಯನ ಜೀವ ತೆಗೆಯುವ ಹಂತಕ್ಕೆ ಹೋಗಿದ್ದೆ. ನನ್ನ ಬೀಳ್ಕೊಡುಗೆ ಸಮಾರಂಭದಲ್ಲಿ ಈ ಸಂಗತಿಯನ್ನು ಯಾರೂ ಎತ್ತಲಿಲ್ಲ. ಅಲ್ಲಿ ನನ್ನನ್ನು 'ನಾಲ್ಕು ತಾಲ್ಲೂಕಿಗೆ ಬೆಳಕು ಕೊಟ್ಟವರು' ಎಂದು ಹೊಗಳಿದರು, ಶಾಲು ಹೊದಿಸಿದರು, ಹೊದಿಸುವಾಗಲೇ ಕರೆಂಟು ಹೋಯಿತು. ಆದ್ದರಿಂದ ಉಳಿದದ್ದನ್ನು ನಾನೇ ಬರೆಯಬೇಕಾಗಿದೆ.

ನಾನು ಇಂಜಿನಿಯರ್ ಅಲ್ಲ. ಆಡಳಿತ ವಿಭಾಗದವನು. ರಜೆ, ಬಡ್ತಿ, ವರ್ಗಾವಣೆ, ಸುತ್ತೋಲೆ, ಇವು ನನ್ನ ವಿದ್ಯೆ. ಕರೆಂಟಿನ ಬಗ್ಗೆ ನನಗಿದ್ದ ಜ್ಞಾನ ಇಷ್ಟೇ: ಸ್ವಿಚ್ ಒತ್ತಿದರೆ ಬರುತ್ತದೆ, ಅದಕ್ಕೆ ಮನಸ್ಸಿದ್ದರೆ. ಹೀಗಿರುವಾಗ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕೂ ಕಡೆಯ ವಿದ್ಯುತ್ ವಿತರಣೆಯ ಉಸ್ತುವಾರಿ ನನ್ನ ಕೊರಳಿಗೆ ಬಿತ್ತು. ಮೊದಲಿದ್ದ ಇಂಜಿನಿಯರ್ ಸಾಹೇಬರು ಬಡ್ತಿ ಪಡೆದು ಹೋಗಿದ್ದರು, ಬರಬೇಕಾದವರು ಬರಲು ಒಪ್ಪಿರಲಿಲ್ಲ, ಕುರ್ಚಿಯನ್ನು ಖಾಲಿ ಇಡುವುದು ಸರ್ಕಾರಕ್ಕೆ ಅವಮಾನ. ಆದೇಶದಲ್ಲಿ 'ತಾತ್ಕಾಲಿಕವಾಗಿ' ಎಂದಿತ್ತು. ನಮ್ಮಲ್ಲಿ ತಾತ್ಕಾಲಿಕವೆಂದರೆ ಎರಡು ವರ್ಷ. ಆದೇಶ ಓದಿ ನನ್ನ ಹೆಂಡತಿ, "ಮನ್ಯಾಗ ಬಲ್ಬ್ ಬದಲಿ ಮಾಡಾಕ ಬರಂಗಿಲ್ಲ, ಇವ್ರು ನಾಕ ತಾಲೂಕಿಗೆ ಕರೆಂಟ್ ಕೊಡ್ತಾರಂತ!" ಎಂದು ನಕ್ಕಳು. ಇಡೀ ಇಲಾಖೆಯಲ್ಲಿ ನನ್ನ ನೇಮಕದ ಬಗ್ಗೆ ಸರಿಯಾದ ಟಿಪ್ಪಣಿ ಬರೆದವಳು ಅವಳೊಬ್ಬಳೇ.

ಮೊದಲ ವಾರ ಜನ ನನ್ನನ್ನು ನೋಡಲು ಬಂದರು. ಬೈಲಹೊಂಗಲದ ವ್ಯಾಪಾರಸ್ಥರು ಮರ್ಯಾದೆಯಿಂದ ಬಂದು, ಮರ್ಯಾದೆಯಿಂದ ಚಹಾ ಕುಡಿದು, ಮರ್ಯಾದೆಯಿಂದಲೇ ಬೈದು ಹೋದರು. ಕಿತ್ತೂರಿನ ಕಡೆಯವರಿಗೆ ಅರ್ಜಿ ಬರೆಯುವ ರೂಢಿ ಕಡಿಮೆ. ಅವರು ನೇರ ಯುದ್ಧಕ್ಕೇ ಬರುತ್ತಾರೆ, ಇತಿಹಾಸವೂ ಅವರ ಕಡೆಗಿದೆ. ಸವದತ್ತಿಯ ಒಬ್ಬ ಹಿರಿಯರು ಕಿಟಕಿಯ ಕಡೆ ಕೈ ಮಾಡಿ, "ನಮ್ಮ ಗುಡ್ಡದ ಮ್ಯಾಲ ಅಷ್ಟು ದೊಡ್ಡ ಫ್ಯಾನ್ ತಿರಗತಾವ್ರಿ ಸಾಹೇಬ್ರ, ನಮ್ಮ ಮನ್ಯಾನ ಸಣ್ಣ ಫ್ಯಾನಿಗೆ ಏನ ಧಾಡಿ ಆಗೇತಿ?" ಎಂದು ಕೇಳಿದರು. ಗಾಳಿಯಂತ್ರದ ಕರೆಂಟು ಎಲ್ಲಿಗೆ ಹೋಗುತ್ತದೆಂದು ನನಗೂ ಗೊತ್ತಿರಲಿಲ್ಲವಾದ್ದರಿಂದ 'ಪರಿಶೀಲಿಸುತ್ತೇವೆ' ಎಂದೆ. ರಾಮದುರ್ಗದ ನೇಕಾರರು ಯಾವ ದಿನ ಎಷ್ಟು ಹೊತ್ತು ಮಗ್ಗ ನಿಂತಿತ್ತೆಂದು ಬಾಯಿಪಾಠ ಒಪ್ಪಿಸಿದರು. ಅವರ ನೆನಪು ನಮ್ಮ ಮೀಟರುಗಳಿಗಿಂತ ಚೆನ್ನಾಗಿ ಕೆಲಸ ಮಾಡುತ್ತಿತ್ತು.

ಎರಡನೆಯ ವಾರ ನಾನು ಸುಧಾರಣೆಗೆ ಕೈ ಹಾಕಿದೆ. ಊರೂರಿಗೆ ಕರೆಂಟು ಹಂಚುವ ಉಪಕೇಂದ್ರಗಳಲ್ಲಿ ಒಂದೊಂದು ದಪ್ಪ ಲಾಗ್ ಬುಕ್ ಇರುತ್ತದೆ. ಯಾವ ಫೀಡರ್, ಅಂದರೆ ಯಾವ ಊರುಗಳ ಕಡೆ ಹೋಗುವ ಲೈನು, ಎಷ್ಟು ಹೊತ್ತಿಗೆ ಬಂದ್ ಆಯಿತು, ಎಷ್ಟು ಹೊತ್ತಿಗೆ ಚಾಲು ಆಯಿತು, ಕಾರಣವೇನು ಎಂದು ಅದರಲ್ಲಿ ಬರೆಯಬೇಕು. ಬರೆಯುವವರು ಆಪರೇಟರುಗಳು. ಅವರು ಬರೆದಿದ್ದ ಕಾರಣಗಳನ್ನು ನಾನು ತರಿಸಿ ಓದಿದೆ: 'ಮಂಗ.' 'ಗಾಳಿ.' 'ಮತ್ತೆ ಅದೇ ಮಂಗ.' 'ಗೊತ್ತಿಲ್ಲ.' ಒಂದು ಕಡೆ 'ಸಾಹೇಬರಿಗೆ ಗೊತ್ತು.' ತಿಂಗಳ ಸಭೆಯಲ್ಲಿ ಮೇಲಿನವರೊಬ್ಬರು ಇದನ್ನು ಜೋರಾಗಿ ಓದಿ, ಕನ್ನಡಕ ತೆಗೆದು ನನ್ನನ್ನು ನೋಡಿದರು. ಮಂಗ ಯಾರೆಂದು ಸಭೆಗೆ ಸಂಶಯ ಬಂದಂತಿತ್ತು. ಮರುದಿನವೇ ಸುತ್ತೋಲೆ ಹೊರಡಿಸಿದೆ: 'ಕಾರಣದ ಕಾಲಂ ಅನ್ನು ವಿಭಾಗ ಕಚೇರಿಯ ಪೂರ್ವಾನುಮತಿ ಇಲ್ಲದೆ ಭರ್ತಿ ಮಾಡತಕ್ಕದ್ದಲ್ಲ.' ಆ 'ತಕ್ಕದ್ದಲ್ಲ' ಬರೆದಾಗ ನನಗಾದ ಸಮಾಧಾನ ಮದುವೆಯ ದಿನವೂ ಆಗಿರಲಿಲ್ಲ.

ಮುಂದಿನದಕ್ಕೆ ಹೋಗುವ ಮುಂಚೆ, ಆಗ ನನಗೆ ಗೊತ್ತಿರದಿದ್ದ ಒಂದು ವಿಷಯ ನಿಮಗೆ ಹೇಳಿಬಿಡುತ್ತೇನೆ.

ಲೈನ್‌ಮನ್ ಕಂಬ ಹತ್ತುವ ಮುಂಚೆ ಉಪಕೇಂದ್ರಕ್ಕೆ ಬಂದು ಆ ಫೀಡರನ್ನು ಬಂದ್ ಮಾಡಿಸುತ್ತಾನೆ. ಕೆಲಸ ಮುಗಿಸಿ, ಇಳಿದು, ಅವನು ಹೇಳಿದ ಮೇಲೆಯೇ ಚಾಲು ಮಾಡಬೇಕು. ನಡುವೆ ಯಾರಾದರೂ ಮರೆತು ಚಾಲು ಮಾಡಿದರೆ ಅವನ ಮನೆಗೆ ಹೆಣವೂ ಪೂರ್ತಿ ಬರುವುದಿಲ್ಲ. ಇದಕ್ಕೆಂದು 'ಲೈನ್ ಮೇಲೆ ಜನರಿದ್ದಾರೆ' ಎಂಬ ಕೆಂಪು ಬೋರ್ಡುಗಳನ್ನು ಸರ್ಕಾರ ಕೊಟ್ಟಿತ್ತು. ಕಳೆದರೆ ಯಾರು ಜವಾಬ್ದಾರರು ಎಂಬ ಪ್ರಶ್ನೆ ಎದ್ದು, ಅವನ್ನು ಸ್ಟೋರಿನ ಕಪಾಟಿನಲ್ಲಿಟ್ಟು ಭದ್ರವಾಗಿ ಕೀಲಿ ಹಾಕಲಾಗಿತ್ತು. ಲೈನಿನಲ್ಲಿ ಅಪ್ಪಿತಪ್ಪಿ ಬಂದ ಕರೆಂಟನ್ನು ನೆಲಕ್ಕಿಳಿಸುವ ಸರಳುಗಳೂ ಅಲ್ಲೇ ಇದ್ದವು, ಪ್ಲಾಸ್ಟಿಕ್ ಹೊದಿಕೆ ಬಿಚ್ಚದೆ, ತಪಾಸಣೆಗೆ ಬಂದವರಿಗೆ ತೋರಿಸಲು. ಫೋನಿನಲ್ಲಿ ಹೇಳಬಹುದಲ್ಲ ಎನ್ನುತ್ತೀರಿ. ಗುಡ್ಡದ ಹಿಂದೆ ರೇಂಜ್ ಸಿಗುವುದಿಲ್ಲ. ಸಿಕ್ಕ ಕಡೆ, ಹೊಲಕ್ಕೆ ನೀರು ಬಿಡುವ ಅವಸರದಲ್ಲಿ ಬೇರೆಯವರೇ ಲೈನ್‌ಮನ್ ದನಿಯಲ್ಲಿ "ಮುಗೀತ್ರಿ, ಬಿಡ್ರಿ ಕರೆಂಟ್" ಎಂದದ್ದೂ ಉಂಟಂತೆ.

ಹಾಗಾಗಿ ಲೈನ್‌ಮನ್‌ಗಳು ತಮ್ಮದೇ ಪದ್ಧತಿ ಮಾಡಿಕೊಂಡಿದ್ದರು. ಮನೆಯಿಂದ ತಂದ ಬುತ್ತಿಯನ್ನು, ಬಂದ್ ಮಾಡಿಸಿದ ಫೀಡರಿನ ಹಿಡಿಕೆಗೇ ಕಟ್ಟಿ ಹೋಗುವುದು. ಬಂದ ಮೇಲೆ ತಾನೇ ಬಿಚ್ಚಿಕೊಂಡು ಉಣ್ಣುವುದು. ಬುತ್ತಿ ತೂಗುತ್ತಿದೆಯೆಂದರೆ ಮನುಷ್ಯ ಕಂಬದ ಮೇಲಿದ್ದಾನೆ. ಒಬ್ಬರ ಬುತ್ತಿಯನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಇದು ಯಾವ ಫೈಲಿನಲ್ಲೂ ಇರಲಿಲ್ಲ, ಫೈಲಿನಲ್ಲಿ ಇಲ್ಲದ್ದನ್ನು ನಾನು ಯಾರ ಹತ್ತಿರವೂ ಕೇಳಿರಲಿಲ್ಲ.

ಮೂರನೆಯ ವಾರ ರಾಮದುರ್ಗದಲ್ಲಿ ಒಂದು ಸಭೆ ಮುಗಿಸಿ, ಸಾಲಹಳ್ಳಿಯ ದಾರಿ ಹಿಡಿದು ಹೊರಟಿದ್ದೆ. ಮಧ್ಯಾಹ್ನ ಒಂದೂವರೆ. ಹೊಲಗಳ ನಡುವೆ ಒಂದು ಉಪಕೇಂದ್ರ ಕಂಡಿತು, ಜೀಪು ನಿಲ್ಲಿಸಿದೆ. ಅದು ಯಾವುದೆಂದು ಹೇಳುವುದಿಲ್ಲ. ಪಿಂಚಣಿ ಇನ್ನೂ ಬರುತ್ತಿದೆ. ಮುಂಚೆ ತಿಳಿಸದೆ ಹೀಗೆ ಹೋಗುವುದಕ್ಕೆ ನಾವು 'ದಿಢೀರ್ ತಪಾಸಣೆ' ಎನ್ನುತ್ತೇವೆ. ನಿಜವೆಂದರೆ ನನಗೆ ಹಸಿವಾಗಿತ್ತು.

ಒಳಗಿದ್ದದ್ದು ಮುಂಜಾನೆ ಪಾಳಿಯ ಆಪರೇಟರ್ ಒಬ್ಬರೇ, ಐವತ್ತು ದಾಟಿದವರು. ನನ್ನನ್ನು ಕಂಡು ಕುರ್ಚಿಯಿಂದ ಪುಟಿದೆದ್ದರು. "ಬರ್ರಿ ಸಾಹೇಬ್ರ, ಬರ್ರಿ, ಕುಂತ್ರಿ. ಊಟಾ ಮಾಡೇ ಹೋಗಬೇಕ್ರಿ. ಇಲ್ಲೇ ಊರಾಗ ಹೋಗಿ ಬಂದ್ ಬಿಡತೇನಿ. ಎರಡನೇ ಪಾಳ್ಯಾದಾಕಿ ಈಗ ಬರ್ತಾಳ್ರಿ." ಬೇಡ ಎನ್ನುವುದು ಶಿಷ್ಟಾಚಾರ, ನಾನು ಅದನ್ನು ಸಣ್ಣ ದನಿಯಲ್ಲಿ ಪಾಲಿಸಿದೆ. ಅವರು ಫೋನನ್ನೂ ಮೇಜಿನ ಮೇಲೆ ಮರೆತು, ನನ್ನ ಡ್ರೈವರನ್ನೂ ಜೀಪನ್ನೂ ಕರೆದುಕೊಂಡು ಹೋದರು. ಹಲವು ಊರುಗಳ ಕರೆಂಟು ನನ್ನೊಬ್ಬನ ವಶಕ್ಕೆ ಬಂತು.

ಹತ್ತು ನಿಮಿಷ ಕಾದೆ. ಎದುರಿಗೆ ಆಳೆತ್ತರದ ಕಬ್ಬಿಣದ ಪ್ಯಾನೆಲ್, ಅದರ ಮೇಲೆ ಸಾಲಾಗಿ ಕಪ್ಪು ಹಿಡಿಕೆಗಳು, ಒಂದು ಹಿಡಿಕೆಗೆ ಕಟ್ಟಿದ ಬುತ್ತಿ. ಕೆಂಪು ಅಂಚಿನ ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಕಟ್ಟಿದ್ದು. ಮೂರು ವಾರದ ಅಧಿಕಾರದಲ್ಲಿ ನಾನು ಒಂದು ಸತ್ಯ ಕಂಡುಕೊಂಡಿದ್ದೆ: ಸಾಹೇಬ ಎಲ್ಲಿಗೆ ಹೋದರೂ ಅಲ್ಲಿ ಅವನಿಗಾಗಿ ಏನಾದರೊಂದು ಕಾದಿರುತ್ತದೆ. ಕಿತ್ತೂರಿನಲ್ಲಿ ಎಳನೀರು ಕಾದಿತ್ತು, ನೇಸರಗಿಯಲ್ಲಿ ಮಿರ್ಚಿ ಭಜಿ ಕಾದಿತ್ತು. ಇಲ್ಲಿ ಬುತ್ತಿ ಕಾದಿದೆ, ಇರುವೆ ಮುತ್ತದಿರಲೆಂದು ಮೇಲೆ ಕಟ್ಟಿದ್ದಾರೆ ಎಂದುಕೊಂಡೆ. ಬಿಚ್ಚಿದೆ.

ಮೂರು ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಒಂದು ಉಳ್ಳಾಗಡ್ಡಿ. ಉಳ್ಳಾಗಡ್ಡಿಯನ್ನು ಮೇಜಿನ ಮೇಲಿಟ್ಟು ಗುದ್ದಿ ಒಡೆದೆ. ಇಲಾಖೆಯ ಮೇಜು ಒಂದು ಉಪಯೋಗಕ್ಕೆ ಬಂದದ್ದನ್ನು ಅಂದೇ ಕಂಡದ್ದು. ಖಾರ ಸ್ವಲ್ಪ ಮುಂದಾಗಿತ್ತು, ಆದರೆ ರುಚಿಯಾಗಿತ್ತು. ಇದನ್ನು ಬರೆಯುವಾಗ ನನಗೆ ಈಗಲೂ ನಾಚಿಕೆಯಾಗುತ್ತದೆ, ಆದರೂ ಸುಳ್ಳು ಹೇಳಲಾರೆ: ಬಹಳ ರುಚಿಯಾಗಿತ್ತು.

ಕೊನೆಯ ತುತ್ತಿಗೆ ನನ್ನ ಫೋನ್ ಹೊಡೆದುಕೊಂಡಿತು. ನನ್ನ ನಂಬರನ್ನು ಎಲ್ಲ ಊರಿನ ಗೋಡೆಗಳ ಮೇಲೆ ಬರೆಸಿದ್ದೆ, ಅದೂ ಸುಧಾರಣೆಯ ಒಂದು ಭಾಗ. ರೈತರೊಬ್ಬರು ಮಾತಾಡಿದರು. "ಸಾಹೇಬ್ರ, ನಮಗ ತ್ರೀ ಫೇಸ್ ಕೊಡೂ ಟೈಮ್ ಇದು. ಹನ್ನೊಂದಕ್ಕ ಹೋದ ಕರೆಂಟ್ ಇನ್ನೂ ಬಂದಿಲ್ರಿ. ಗೋವಿನಜೋಳ ಒಣಗಾಕ ಹತ್ತೇತಿ. ಯಾಕ ತಗದೀರಿ, ಅದನ್ನರ ಹೇಳ್ರಿ."

ಲಾಗ್ ಬುಕ್ ಎಳೆದುಕೊಂಡು ನೋಡಿದೆ. ಅವರ ಊರಿನ ಫೀಡರ್ ಹನ್ನೊಂದಕ್ಕೆ ಬಂದ್. ಕಾರಣದ ಕಾಲಂ ಖಾಲಿ. ಸ್ವಚ್ಛವಾಗಿ, ಶಿಸ್ತಾಗಿ, ನನ್ನ ಸುತ್ತೋಲೆಯ ಪ್ರಕಾರ ಖಾಲಿ. ಕಾರಣ ಬರೆದಿಲ್ಲ ಎಂದರೆ ಕಾರಣ ಇಲ್ಲ ಎಂದೇ ಅರ್ಥ ಎಂದುಕೊಂಡೆ. ಆಡಳಿತದಲ್ಲಿ ಅದು ಹಾಗೆಯೇ. ಆಪರೇಟರನ ಸೋಮಾರಿತನ ಎಂದು ತೀರ್ಮಾನಿಸಿ ರೈತರಿಗೆ, "ಐದ ನಿಮಿಷದಾಗ ಕರೆಂಟ್ ಬರತೈತಿ, ನಾನ ಖುದ್ದ ಇಲ್ಲೇ ಅದೇನಿ" ಎಂದು ಮಾತು ಕೊಟ್ಟೆ.

ಅಷ್ಟರಲ್ಲಿ ಎರಡನೇ ಪಾಳಿಯ ಆಪರೇಟರ್ ಬಂದಳು. ಮೂವತ್ತೈದರ ಹೆಣ್ಣುಮಗಳು, ಕೈಯಲ್ಲಿ ಹೆಲ್ಮೆಟ್. ನಾನು ಯಾರೆಂದು ಹೇಳಿ, ಆ ಊರಿನ ಹೆಸರಿದ್ದ ಹಿಡಿಕೆ ತೋರಿಸಿ, "ಈ ಫೀಡರ್ ಚಾಲು ಮಾಡ್ರಿ" ಎಂದೆ.

ಆಕೆ ನನ್ನ ಮುಖ ನೋಡಲಿಲ್ಲ, ಮೊದಲು ಹಿಡಿಕೆಯನ್ನು ನೋಡಿದಳು. ಅದು ಬರಿದಾಗಿತ್ತು. "ಯಾಕ ಬಂದ್ ಆಗೇತ್ರಿ ಇದು?"

"ಕಾರಣ ಬರದಿಲ್ಲ."

"ಹೌದ್ರಿ, ಹೋದ ವಾರದಿಂದ ಯಾರೂ ಬರಿಯಂಗಿಲ್ಲ. ಯಾರೋ ಪುಣ್ಯಾತ್ಮರು ಮ್ಯಾಲಿಂದ ಆರ್ಡರ್ ಕಳಿಸ್ಯಾರ."

"ನಾನ ಕಳಿಸೇನಿ."

ಆಕೆ ಮುಂಜಾನೆ ಪಾಳಿಯವರಿಗೆ ಫೋನ್ ಮಾಡಿದಳು. ಅದು ಮೇಜಿನ ಮೇಲೆಯೇ ಹೊಡೆದುಕೊಂಡಿತು. ಲೈನ್‌ಮನ್‌ಗೆ ಮಾಡಿದಳು, ರೇಂಜ್ ಇಲ್ಲ. "ಸಾಹೇಬ್ರ, ಅವರು ಬರೂ ತನಕಾ ತಡೀರಿ" ಎಂದಳು. ತಡೆಯುವುದೇ? ನಾನು ಮಾತು ಕೊಟ್ಟಾಗಿತ್ತು. "ನಾ ಯಾರು ಅಂತ ಹೇಳೇನಿಲ್ಲ ನಿಮಗ? ಚಾಲು ಮಾಡ್ರಿ ಅಂದ್ರ ಮಾಡಬೇಕು" ಎಂದೆ. ಆ ದನಿ ನನಗೆ ಈಗ ನೆನಪಾದರೆ ಮೈಯೆಲ್ಲ ಮುಳ್ಳಾಗುತ್ತದೆ.

ಆಕೆ ಇನ್ನೊಮ್ಮೆ ಬರಿದಾದ ಹಿಡಿಕೆ ನೋಡಿದಳು. ಹೋಗಿ ಕೈಯಿಟ್ಟಳು. ತಿರುಗಿಸುವ ಮುಂಚೆ ಗಟ್ಟಿಯಾಗಿ ಕೇಳುವುದು ಅಲ್ಲಿಯ ಪದ್ಧತಿ. ಹಾಗೆ ಕೇಳಲು ಹಿಂತಿರುಗಿ, "ಮಾಡಲ್ರಿ?" ಎಂದಳು. ನಾನು ಆಗ ಸಮಾಧಾನದಿಂದ ಬಾಯಿ ಒರೆಸಿಕೊಳ್ಳುತ್ತಿದ್ದೆ, ಕೆಂಪು ಅಂಚಿನ ಇಳಕಲ್ ಸೀರೆಯ ತುಂಡಿನಿಂದ.

ಕಾದ ಹಂಚು ಮುಟ್ಟಿದವರ ಹಾಗೆ ಆಕೆ ಕೈ ಹಿಂದೆಗೆದಳು.

"ಆ ಅರಿವಿ ಎಲ್ಲಿದ್ರಿ?"

"ಬುತ್ತಿ ಕಟ್ಟಿದ್ದು."

"ಬುತ್ತಿ ಎಲ್ಲಿತ್ರಿ?"

ನಾನು ಆಕೆಯ ಹಿಂದಿದ್ದ ಹಿಡಿಕೆಗೆ ಬೆರಳು ಮಾಡಿದೆ. ಆಕೆ ಕೂಗಾಡಲಿಲ್ಲ. ಬಂದು, ನನ್ನ ಕೈಯಿಂದ ಆ ಬಟ್ಟೆಯನ್ನು ತೆಗೆದುಕೊಂಡು, ಕೊಡವಿ, ಬರಿಯ ಬಟ್ಟೆಯನ್ನೇ ಮತ್ತೆ ಹಿಡಿಕೆಗೆ ಕಟ್ಟಿದಳು. ಆಮೇಲೆ ಹೇಳಿದಳು: "ಈ ಬುತ್ತಿಯಾಂವ ಕಂಬದ ಮ್ಯಾಲ ಅದಾನ್ರಿ ಸಾಹೇಬ್ರ." ಪದ್ಧತಿಯನ್ನು ನಾಲ್ಕು ಮಾತಿನಲ್ಲಿ ತಿಳಿಸಿದಳು. ಮಕ್ಕಳಿಗೆ ಹೇಳುವ ಹಾಗೆ, ಸಿಟ್ಟಿಲ್ಲದೆ.

ನನಗೆ ಹೆದರಿಕೆಗಿಂತ ಹೆಚ್ಚು ನಾಚಿಕೆ, ನಾಚಿಕೆಗಿಂತ ಹೆಚ್ಚು ಹೆದರಿಕೆ, ಯಾವುದು ಮೊದಲೆಂದು ಗೊತ್ತಾಗದ ಹಾಗೆ. ಫೋನ್ ಮತ್ತೆ ಹೊಡೆದುಕೊಂಡಿತು. ಐದು ನಿಮಿಷ ಮುಗಿದಿತ್ತು. ನನ್ನಿಂದ ಎತ್ತಲಾಗಲಿಲ್ಲ. ಆಕೆಯೇ ಎತ್ತಿ, "ಕಾಕಾರ, ಲೈನ್ ಮ್ಯಾಲ ಮನಿಷಾ ಅದಾನ" ಎಂದಳು. ಆ ಕಡೆಯಿಂದ ಬಂದ ಉತ್ತರ ನನಗೂ ಕೇಳಿಸಿತು. "ಹಂಗ ಮೊದಲ ಹೇಳಬಾರದೇನವಾ? ಗೋವಿನಜೋಳ ಏನ್ ಓಡಿ ಹೊಕ್ಕೈತೇನ? ಆಂವ ಇಳದ ಮ್ಯಾಲ ಬಿಡ್ರಿ, ಸಾವಕಾಶ." ಕಾರಣ ಹೇಳಿದರೆ ಜನರಿಗೆ ಅರ್ಥವಾಗುತ್ತದೆ ಎಂಬುದು ನನ್ನ ಆಡಳಿತ ತರಬೇತಿಯಲ್ಲಿ ಎಲ್ಲೂ ಬಂದಿರಲಿಲ್ಲ.

ಮುಂಜಾನೆ ಪಾಳಿಯವರು ಬಿಸಿ ಊಟದ ಡಬ್ಬಿ ಹಿಡಿದು ನಗುತ್ತ ಒಳಗೆ ಬಂದರು. ಹಿಡಿಕೆಯ ಮೇಲೆ ಬರಿಯ ಬಟ್ಟೆ ಜೋತಾಡುವುದನ್ನು ಕಂಡು ಅಲ್ಲೇ ನಿಂತುಬಿಟ್ಟರು. ಮೂವರೂ ಕುಳಿತೆವು. ಯಾರೂ ಡಬ್ಬಿ ತೆಗೆಯಲಿಲ್ಲ.

ಮೂರೂವರೆಗೆ ಹೊರಗೆ ಬೈಕಿನ ಸದ್ದಾಯಿತು. ಲೈನ್‌ಮನ್ ಬಂದ. ನಲವತ್ತು ದಾಟಿದ ಸಣಕಲು ಆಳು, ಮೈತುಂಬ ಧೂಳು. ಅಂಗಳದ ನಳದಲ್ಲಿ ಕೈಕಾಲು ತೊಳೆದುಕೊಂಡು ಒಳಗೆ ಬಂದು, ನನಗೆ ನಮಸ್ಕಾರ ಮಾಡಿ, ನೆಟ್ಟಗೆ ತನ್ನ ಹಿಡಿಕೆಯ ಹತ್ತಿರ ಹೋದ. ಬಟ್ಟೆ ಬಿಚ್ಚಿದ. ಒಳಗೆ ಏನೂ ಇರಲಿಲ್ಲ. ತಿರುಗಿ ನಮ್ಮ ಮೂವರ ಮುಖ ನೋಡಿದ.

"ನಾ ತಿಂದೆ," ಎಂದೆ. "ಗೊತ್ತಿರಲಿಲ್ಲ. ಚಾಲು ಮಾಡ್ರಿ ಅಂತನೂ ಹೇಳಿದ್ದೆ. ಇವರು ಮಾಡಲಿಲ್ಲ."

ಆತ ಹಿಡಿಕೆ ನೋಡಿದ, ಆಕೆಯನ್ನು ನೋಡಿದ. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಕಿಸೆಯಲ್ಲಿಟ್ಟುಕೊಂಡು ನೆಲದ ಮೇಲೆ ಕುಳಿತ. ಬೈಯಲಿ ಎಂದು ನಾನು ಕಾಯುತ್ತಿದ್ದೆ. ಬೈದಿದ್ದರೆ ನನಗೆ ಉಪಕಾರವಾಗುತ್ತಿತ್ತು. ಆತ, "ಖಾರ ಹೆಚ್ಚಾಗಿತ್ತೇನ್ರಿ?" ಎಂದು ಕೇಳಿದ. "ಮುಂಜಾನೆ ಗಡಿಬಿಡಿ ಒಳಗ ಕಟ್ಟ್ಯಾಳ್ರಿ."

ನನಗಾಗಿ ತಂದಿದ್ದ ಊಟವನ್ನು ಆತನ ಮುಂದೆ ಇಟ್ಟೆವು. ಉಂಡ. ಉಂಡು ಎದ್ದು ತಾನೇ ನಿಂತು ಫೀಡರ್ ಚಾಲು ಮಾಡಿಸಿದ. ಹೊರಡುವ ಮುಂಚೆ ನಾನು ಲಾಗ್ ಬುಕ್ ತೆಗೆದು, ಖಾಲಿ ಇದ್ದ ಕಾರಣದ ಕಾಲಂನಲ್ಲಿ ಯಾರ ಪೂರ್ವಾನುಮತಿಯೂ ಇಲ್ಲದೆ ಬರೆದೆ: 'ಲೈನ್ ಮೇಲೆ ಮನುಷ್ಯನಿದ್ದ. ಅವನ ಬುತ್ತಿ ನಾನು ತಿಂದೆ. ಚಾಲು ಮಾಡಲು ಹೇಳಿದೆ. ಆಪರೇಟರ್ ಮಾಡಲಿಲ್ಲ.' ಕೆಳಗೆ ಸಹಿ, ಪದನಾಮ.

ಮುಂದಿನ ತಿಂಗಳ ಸಭೆಯಲ್ಲಿ ಅದನ್ನೂ ಜೋರಾಗಿ ಓದಿದರು. ಮಂಗನಿಗಿಂತ ಹೆಚ್ಚು ನಗು ಬಂತು. ಆಮೇಲೆ ಇಲಾಖೆ ಗಂಭೀರವಾಗಿ ಯೋಚಿಸಿತು. ಊಟ ತರಲು ಹೋದ ಆಪರೇಟರಿಗೆ ನೋಟಿಸ್ ಕೊಡಬೇಕೆಂದಿತು. ಊಟ ನನಗಾಗಿ, ಜೀಪು ನನ್ನದು, ತಪ್ಪೂ ನನ್ನದು ಎಂದು ನಾನು ಉತ್ತರ ಬರೆದೆ. ನನಗೊಂದು ಎಚ್ಚರಿಕೆ ಪತ್ರ ಬಂತು, ಅವರು ಉಳಿದರು. ಚಾಲು ಮಾಡದ ಹೆಣ್ಣುಮಗಳಿಗೆ ಪ್ರಶಂಸಾಪತ್ರ ಕೊಡಿ ಎಂದು ಬರೆದೆ. ಏನೂ ಮಾಡದೆ ಇದ್ದದ್ದಕ್ಕೆ ಪ್ರಶಂಸಿಸಲು ನಿಯಮದಲ್ಲಿ ಅವಕಾಶವಿಲ್ಲ ಎಂದರು. ನಮ್ಮ ಇಲಾಖೆಯಲ್ಲಿ ಈ ಮಾತು ಹೇಳಿದ ಧೈರ್ಯಕ್ಕೆ ನಾನು ತಲೆಬಾಗಿದೆ. ಕೊನೆಗೆ ಮೇಲಿನಿಂದ ಪರಿಹಾರ ಇಳಿದು ಬಂತು: 'ಉಪಕೇಂದ್ರದ ಕೊಠಡಿಯೊಳಗೆ ಯಾವುದೇ ಆಹಾರ ಪದಾರ್ಥ ತರತಕ್ಕದ್ದಲ್ಲ.' ನಾನು ಸಹಿ ಮಾಡಿ ಹೊರಡಿಸಬೇಕಿತ್ತು.

ಇಂಜಿನಿಯರಿಂಗ್ ಗೊತ್ತಿಲ್ಲದಿದ್ದರೂ ನನಗೆ ಒಂದು ವಿದ್ಯೆ ಚೆನ್ನಾಗಿ ಗೊತ್ತಿತ್ತು. ಆ ಫೈಲನ್ನು 'ಪರಿಶೀಲನೆಯಲ್ಲಿದೆ' ಎಂದು ಬರೆದು ಮೇಜಿನ ಕೆಳಗಿನ ಖಾನೆಯಲ್ಲಿಟ್ಟೆ. ನಾನು ಆ ಕುರ್ಚಿ ಬಿಡುವವರೆಗೂ ಅದು ಅಲ್ಲೇ ಇತ್ತು. ಫೈಲ್ ತಡೆದು ಪುಣ್ಯ ಕಟ್ಟಿಕೊಂಡದ್ದು ಅದೊಂದೇ ಸಲ. ಕಾರಣದ ಕಾಲಂ ಸುತ್ತೋಲೆಯನ್ನು ಹಿಂದಕ್ಕೆ ಪಡೆದೆ, ಮಂಗ ಮತ್ತೆ ಪುಸ್ತಕಕ್ಕೆ ಮರಳಿತು. ಕಪಾಟಿನ ಕೀಲಿ ತೆಗೆಸಿ ಬೋರ್ಡುಗಳನ್ನೂ ಸರಳುಗಳನ್ನೂ ಎಲ್ಲ ಉಪಕೇಂದ್ರಗಳಿಗೆ ಕಳಿಸಿದೆ. ಬೋರ್ಡುಗಳು ಹಿಡಿಕೆಯ ಮೇಲೆ ಬಂದವು. ಬುತ್ತಿಗಳೂ ಪಕ್ಕದಲ್ಲಿ ಹಾಗೇ ಉಳಿದವು. ಈಗ ಬೋರ್ಡ್ ಇದೆಯಲ್ಲ, ಬುತ್ತಿ ಯಾಕೆ ಎಂದು ಆ ಹೆಣ್ಣುಮಗಳನ್ನು ಕೇಳಿದ್ದೆ. "ಬೋರ್ಡಿಗೆ ಹಸಿವು ಆಗಂಗಿಲ್ಲಲ್ರಿ, ಸಾಹೇಬ್ರ" ಎಂದಳು.

ಎರಡು ತಿಂಗಳ ನಂತರ ಮತ್ತೆ ಆ ಉಪಕೇಂದ್ರಕ್ಕೆ ಹೋದೆ, ಈ ಸಲ ಹಿಂದಿನ ದಿನವೇ ತಿಳಿಸಿ. ಲೈನ್‌ಮನ್ ಆಗತಾನೆ ಫೀಡರ್ ಬಂದ್ ಮಾಡಿಸುತ್ತಿದ್ದ. ಅವನ ಕೈಯಲ್ಲಿ ಎರಡು ಬುತ್ತಿಗಳಿದ್ದವು, ಎರಡೂ ಅದೇ ಇಳಕಲ್ ಸೀರೆಯ ತುಂಡುಗಳಲ್ಲಿ ಕಟ್ಟಿದ್ದು. ಒಂದನ್ನು ಹಿಡಿಕೆಗೆ ಕಟ್ಟಿ, ಎಳೆದು ನೋಡಿ ಗಟ್ಟಿ ಮಾಡಿದ. ಇನ್ನೊಂದನ್ನು ತಂದು ನನ್ನ ಕೈಯಲ್ಲಿಟ್ಟ.

"ಸಾಹೇಬ್ರು ಬರ್ತಾರ ಅಂದೆ, ಮನ್ಯಾಕಿ ಕಟ್ಟಿ ಕೊಟ್ಟಾಳ್ರಿ. ಖಾರ ಕಡಿಮಿ ಹಾಕ್ಯಾಳ." ಆಮೇಲೆ ಹಿಡಿಕೆಯ ಕಡೆ ನೋಡಿ, "ಇದನ್ನ ಉಣ್ರಿ. ಅದನ್ನ ಮುಟ್ಟಬ್ಯಾಡ್ರಿ" ಎಂದ.

ಬೈಕಿನ ಸದ್ದು ಗುಡ್ಡದ ಕಡೆ ಹೋಯಿತು. ಆಗ ಮಧ್ಯಾಹ್ನ ಹನ್ನೆರಡು. ನನಗೆ ಬೈಲಹೊಂಗಲದಲ್ಲಿ ಮೂರು ಗಂಟೆಗೆ ಸಭೆಯಿತ್ತು; ಫೋನ್ ಮಾಡಿ ಬರುವುದಿಲ್ಲ ಎಂದೆ. ಕಾರಣ ಕೇಳಿದರು, ಲೈನ್ ಮೇಲೆ ಮನುಷ್ಯನಿದ್ದಾನೆ ಎಂದೆ. ಆತ ಮರಳಿ ಬಂದು, ಕೈ ತೊಳೆದು, ಹಿಡಿಕೆಯಿಂದ ತನ್ನ ಬುತ್ತಿ ಬಿಚ್ಚುವವರೆಗೆ ನಾನು ನನ್ನ ಗಂಟು ಬಿಚ್ಚಲಿಲ್ಲ.